ಶಾಲು ಹೊದ್ದ ರೋಮನ್ ಕಲ್ಲು

ಕಳೆದ ಶುಕ್ರವಾರ ಇಲ್ಲಿ ಮಸ್ಕತ್ತಿನ ಅಲ್ ಖುವೈರ್‌ನ ಒಂದು ಹಾಲ್‌ನಲ್ಲಿ ಜಯರಾಮಣ್ಣನಿಗೆ ಮೈಯೆಲ್ಲ ಬೂದು ಬಣ್ಣ ಬಳಿದು ಅವರನ್ನು ಕಲ್ಲಾಗಿಸಿದೆವು. ಎಸಿ ರಿಪೇರಿ ಕಂಪನಿ ನಡೆಸುವ ಮಂಗಳೂರಿನವರು. ಸುಮ್ಮನೆ ನಿಲ್ಲುವುದು ಅವರ ಜಾತಕದಲ್ಲೇ ಇಲ್ಲ.

ಯಾಕೆ ಅಂತೀರಾ? ರೋಮ್‌ನಲ್ಲಿ ಮೂಗು ಮುರಿದ ಒಂದು ಪುರಾತನ ಪ್ರತಿಮೆ ಇದೆ. ಅಧಿಕಾರದಲ್ಲಿರುವವರನ್ನು ನೇರವಾಗಿ ಬೈಯಲಾಗದ ಜನ ಶತಮಾನಗಳಿಂದ ಕುಚೋದ್ಯದ ಚೀಟಿ ಬರೆದು ಅದಕ್ಕೆ ಅಂಟಿಸುತ್ತಾರೆ. ಬೈದವರು ಯಾರು? ಕಲ್ಲು! ರಜೆಯಲ್ಲಿ ಅದನ್ನು ಕಂಡು ಬಂದವಳೇ ನಮ್ಮ ಕನ್ನಡ ಬಳಗದ ಮಕ್ಕಳಿಗೆ ಪುಟ್ಟ ನಾಟಕ ಬರೆದೆ. ಜಯರಾಮಣ್ಣ ಪ್ರತಿಮೆ, ನನ್ನ ಮಗಳು ಅದಿತಿ ಚೀಟಿ ಅಂಟಿಸುವ ಹುಡುಗಿ.

ಮಕ್ಕಳಿಗೆ ಒಂದೇ ಭಯ. ಹೋದ ವರ್ಷ ಸನ್ಮಾನಗಳು ಮುಗಿಯುವಷ್ಟರಲ್ಲಿ ಹಾಲ್ ಬಿಡುವ ಹೊತ್ತಾಗಿ ಅವರ ನಾಟಕವೇ ಕ್ಯಾನ್ಸಲ್. ಅದಿತಿ ದಾರಿಯುದ್ದಕ್ಕೂ ಅತ್ತಿದ್ದಳು.

"ದಿಸ್ ಇಯರ್ ಕೂಡ ಕಟ್ ಮಾಡ್ತಾರಾ ಅಮ್ಮಾ?"

ಲಕ್ಷಣ ಹಾಗೇ ಇತ್ತು. ಶಾಲು, ಪೇಟ, ಫೋಟೊ. ಮತ್ತೆ ಶಾಲು. (ನಮ್ಮಲ್ಲಿ ಸನ್ಮಾನವೇ ಆಗದವರು ಸಿಕ್ಕರೆ, ಆ ಸಾಧನೆಗೇ ಸನ್ಮಾನ ಮಾಡುತ್ತಾರೆ.) ವೇದಿಕೆಯ ಪಕ್ಕದಲ್ಲಿ ಪ್ರತಿಮೆ ನರಳಿತು: "ಮೂಗು ತುರಿಸ್ತಾ ಉಂಟು ಮಾರಾಯ್ರೆ!"

ಅಲ್ ಖೌದ್‌ನಲ್ಲಿ ಅಂಗಡಿ ಇಟ್ಟಿರುವ ಹಮೀದಾಕ ಬಂದರು. "ಎಂಥ ಇದು, ಖಲಾಸ್ ಆಗುದೇ ಇಲ್ವಾ?" ಎಂದವರೇ ನಾಟಕದ ಖಾಲಿ ಚೀಟಿಯೊಂದರಲ್ಲಿ ಗೀಚಿ ಜಯರಾಮಣ್ಣನ ಎದೆಗೆ ಅಂಟಿಸಿದರು: 'ಬಿರಿಯಾನಿ ತಣ್ಣಗಾಯ್ತು. ಅದಕ್ಕೂ ಒಂದು ಶಾಲು ಹೊದಿಸಿ.'

ಆಮೇಲೆ ಕೇಳಬೇಕೆ? ಕ್ಯೂ ನಿಂತಿತು. 'ಹೋದ ವರ್ಷ ನನಗೆ ಸನ್ಮಾನ ಮಾಡಿದಿರಿ. ಯಾಕೆಂದು ಈಗಲಾದರೂ ಹೇಳಿ.'

ನಗು ಕೇಳಿ ಬಳಗದ ಅಧ್ಯಕ್ಷರೇ ವೇದಿಕೆಯಿಂದ ಇಳಿದು ಬಂದರು. ಅವರು ಒಂದೊಂದೇ ಚೀಟಿ ಓದಿದರು. ಹೊಟ್ಟೆ ಕುಣಿಯುವಂತೆ ನಕ್ಕರು.

"ತಪ್ಪಾಯ್ತಪ್ಪಾ. ಯಲ್ಲಾ, ಬೇಗ ಬೇಗ ನಾಟಕ ಶುರು ಮಾಡಿ!"

ಮಕ್ಕಳು ಕಿರುಚಿದರು. ಆದರೆ ಕೈಯ ಅಭ್ಯಾಸ ಬಿಡಬೇಕಲ್ಲ? ವೇದಿಕೆ ಹತ್ತಿದ ಪ್ರತಿಮೆಗೂ ಅಧ್ಯಕ್ಷರು ಶಾಲು ಹೊದಿಸಿ, "ಎರಡು ಮಾತಾಡಿ" ಎಂದು ಮೈಕ್ ಕೊಟ್ಟುಬಿಟ್ಟರು.

"ಎಲ್ರಿಗೂ ನಮಸ್ಕಾರ. ನಾನು ಮಸ್ಕತ್ತಿಗೆ ಬಂದ ಹೊಸತರಲ್ಲಿ..."

ಮುಗಿಯಿತು! ವೀಸಾ ಕೊಟ್ಟ ಮೊದಲ ಕಫೀಲ್‌ನ ಕಥೆಯಿಂದ ಹೊರಟ ಕಲ್ಲು, ಮೊದಲ ಎಸಿಗೆ ಬಂದರೂ ನಿಲ್ಲಲಿಲ್ಲ. ಹಾಲ್‌ನವನು ಗಡಿಯಾರ ತೋರಿಸಿದ. ಆಗ ಅದಿತಿ ಸರಸರ ಮೆಟ್ಟಿಲು ಹತ್ತಿ, ಅವರ ಬಾಯಿಗೇ ಒಂದು ಚೀಟಿ ಅಂಟಿಸಿದಳು: 'ಅಂಕಲ್, ನೀವು ಕಲ್ಲು.'

ಹಾಲ್ ಹಾರಿಹೋಗುವಂಥ ಚಪ್ಪಾಳೆ. ಜಯರಾಮಣ್ಣ ಗಪ್‌ಚುಪ್. ನಾಟಕ ಪೂರ್ತಿ ನಡೆಯಿತು. ಈ ಸಲ ಅತ್ತವಳು ನಾನು, ಖುಷಿಗೆ.

ನಿಮ್ಮೂರಿನ ಸಭೆಗಳಲ್ಲಿ ಮೆಟ್ಟಿಲು ಹತ್ತಲು ಇಂಥ ಹುಡುಗಿ ಒಬ್ಬಳಾದರೂ ಇದ್ದಾಳಾ?