ಹಾಲೇಶನ ಮೊಣಕಾಲು ಮತ್ತು ಒಂದು ಪ್ಲೇಟ್ ಎಗ್ ರೈಸ್

ತೇರದಾಳದ ಹೊರಗೆ ಕುರಿ ಸಾಕುವ ಮನೆತನದ ಹಾಲೇಶನಿಗೆ ಇಪ್ಪತ್ತೊಂದು ವರ್ಷ. ಜಮಖಂಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಬ್ಯಾಕ್ಟೀರಿಯಾದ ಚಿತ್ರ ಬರೆದು ಭಾಗ ಗುರುತಿಸು ಎಂದರೆ ಇಡೀ ಕ್ಲಾಸಿಗೇ ಇವನ ಚಿತ್ರ ಚಂದ. ಇಂಥ ದೊಡ್ಡ ವಿಜ್ಞಾನಿ, ತನ್ನ ಬಲ ಮೊಣಕಾಲು ಕುಂಬಳಕಾಯಿಯಂತೆ ಬಾತದ್ದು ಮನೆದೇವರು ಬೀರೇಶ್ವರನ ಸಿಟ್ಟಿನಿಂದ ಎಂದು ಗಟ್ಟಿಯಾಗಿ ನಂಬಿದ್ದ. ಬರೀ ನಂಬಿಕೆಯಲ್ಲ, ಅವನ ಹತ್ತಿರ ಕಾರಣವೂ ಇತ್ತು. ಕಾರಣದ ಹೆಸರು ಎಗ್ ರೈಸ್.

ಆ ಮನೆತನದಲ್ಲಿ ಜಾತ್ರೆಗೆ ದೇವರ ಮುಂದೆ ಮೊದಲ ಡೊಳ್ಳು ಹೊರುವವನಿಗೆ ನಲವತ್ತೊಂದು ದಿನದ ನೇಮ. ಮಾಂಸ ಇಲ್ಲ, ಮೊಟ್ಟೆ ಇಲ್ಲ, ಹೊರಗಿನ ಊಟ ಇಲ್ಲ, ನೀರೂ ಮನೆಯದೇ. ಹದಿನೆಂಟು ವರ್ಷ ಆ ಡೊಳ್ಳು ಹೊತ್ತವನು ಹಾಲೇಶನ ಸೋದರಮಾವ ಗಿರಮಲ್ಲಪ್ಪ. ಈ ಸಲ ಅವನು ತನ್ನ ಸ್ವಂತ ಮಗ ಭೀಮಶಿಯನ್ನೂ ಬಿಟ್ಟು ಅಳಿಯನಿಗೆ ಪಾಳಿ ಕೊಟ್ಟಿದ್ದ. ಅಳಿಯ ನೇಮವನ್ನು ಎಷ್ಟು ನಿಷ್ಠೆಯಿಂದ ಪಾಲಿಸಿದನೆಂದರೆ, ಪೂರ್ತಿ ಎರಡು ದಿನ! ಮೂರನೆಯ ದಿನ ಡೊಳ್ಳಿನ ಚರ್ಮ ಬಿಗಿಸಿಕೊಂಡು ಬರಲು ಮಹಾಲಿಂಗಪುರಕ್ಕೆ ಹೋದ, ಬಸ್ ತಪ್ಪಿತು, ಬಸ್‌ಸ್ಟ್ಯಾಂಡಿನ ಹೊರಗೆ ಗಾಡಿಯವನು ತವೆಯ ಮೇಲೆ ಟಣಟಣ ಅನ್ನಿಸುತ್ತಿದ್ದ, ಆಮೇಲೆ ಏನಾಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಮರುದಿನ ಬೆಳಿಗ್ಗೆಯಿಂದ ಹೊಟ್ಟೆ ಕೆಟ್ಟಿತು. ನಾಲ್ಕು ದಿನ ಜ್ವರ, ದಿನಕ್ಕೆ ಹತ್ತು ಸಲ ಕಬ್ಬಿನ ಹೊಲ. ಕೈಯಲ್ಲಿ ಮಾತ್ರ ಪ್ರಾಣಿಶಾಸ್ತ್ರದ ಪುಸ್ತಕ. ಮಗ ಪರೀಕ್ಷೆಗೆ ಇಷ್ಟು ಓದುತ್ತಾನಲ್ಲ ಎಂದು ತಾಯಿ ಸತ್ಯವ್ವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಹೊಟ್ಟೆ ಸರಿಹೋಯಿತು, ಗುಟ್ಟು ಉಳಿಯಿತು ಎಂದು ಹಾಲೇಶ ಖುಷಿಯಲ್ಲಿದ್ದ. ಎರಡು ವಾರ ಕಳೆಯುವಷ್ಟರಲ್ಲಿ ಮೊಣಕಾಲು ಬಾತಿತು, ಹಿಮ್ಮಡಿ ನೆಲಕ್ಕೆ ಊರಲು ಬಾರದಾಯಿತು, ಒಂದು ಕಣ್ಣು ಕೆಂಪಾಯಿತು. ಓಣಿಯ ತಾಯವ್ವ ದೃಷ್ಟಿ ಎಂದಳು. ಗಿರಮಲ್ಲಪ್ಪ ಕುಣಿಯುವಾಗ ಉಳುಕಿರಬೇಕೆಂದು ಎಣ್ಣೆ ತಿಕ್ಕಿದ. ಹಾಲೇಶನೊಬ್ಬನಿಗೆ ಮಾತ್ರ ನಿಜವಾದ ರೋಗ ಗೊತ್ತಿತ್ತು, ಅದು ದೇವರು. ಅದಕ್ಕೆ ಮದ್ದನ್ನೂ ತಾನೇ ಕಂಡುಹಿಡಿದ: ದಿನಾ ಬೆಳಿಗ್ಗೆ ಕುಂಟುತ್ತ ಗುಡಿ ಸುತ್ತುವುದು. ಹನ್ನೊಂದು ಸುತ್ತಿಗೆ ಮೊಣಕಾಲು ಇನ್ನಷ್ಟು ಬಾತರೆ ಮರುದಿನ ಇಪ್ಪತ್ತೊಂದು!

ಕೊನೆಗೆ ತಾಯಿ, ಮಾವ ಇಬ್ಬರೂ ಸೇರಿ ಅವನನ್ನು ಜಮಖಂಡಿಯ ಡಾಕ್ಟರ್ ರಸಿಕಾ ಅವರ ದವಾಖಾನೆಗೆ ಎತ್ತಿಕೊಂಡು ಹೋದರು. ಡಾಕ್ಟರು ಮೊಣಕಾಲು ಒತ್ತಿದರು, ಹಿಮ್ಮಡಿ ಒತ್ತಿದರು, ಕಣ್ಣು ನೋಡಿದರು, ರಕ್ತದ ರಿಪೋರ್ಟು ತಿರುವಿದರು. ಚಿಕೂನ್‌ಗುನ್ಯಾ ಅಲ್ಲ ಎಂದರು.

"ಹೋದ ತಿಂಗಳದಾಗ ಹೊಟ್ಟಿ ಕೆಟ್ಟಿತ್ತೇನಪಾ?"

ಹಾಲೇಶ ಮಾವನ ಕಡೆ ನೋಡಿದ. "ಇಲ್ರಿ."

"ಹೊರಗ ಏನರೆ ತಿಂದಿದ್ಯಾ?"

ಅವನು ಬಾಯಿ ತೆಗೆಯುವ ಮೊದಲೇ ಗಿರಮಲ್ಲಪ್ಪ ಹೆಮ್ಮೆಯಿಂದ, ಹುಡುಗ ನೇಮದಲ್ಲಿದ್ದಾನೆ, ಹೊರಗಿನ ನೀರು ಸಹಿತ ಮುಟ್ಟಿಲ್ಲ ಎಂದುಬಿಟ್ಟ.

ಹಾಗಿದ್ದರೆ ಇದು ಬೇರೆ ಏನೋ ಇರಬೇಕು, ಕೀಲಿನ ಟಿ.ಬಿ. ಕೂಡ ಇರಬಹುದು, ಬೆಳಗಾವಿಗೆ ಹೋಗಿ ಮೊಣಕಾಲಿಗೆ ಸೂಜಿ ಚುಚ್ಚಿ ನೀರು ತೆಗೆಸಿ ನೋಡಬೇಕು ಎಂದು ಡಾಕ್ಟರು ಚೀಟಿ ಬರೆಯತೊಡಗಿದರು. ಸೂಜಿಯ ಮಾತಿಗೆ ಹಾಲೇಶನ ಭಕ್ತಿ ಸ್ವಲ್ಪ ಅಲುಗಾಡಿತು. ಪೂರ್ತಿ ಬಿದ್ದದ್ದು ಸತ್ಯವ್ವ ಕೈಮುಗಿದಾಗ. ಮಗನ ಕಾಲು ನೆಟ್ಟಗಾದರೆ ಮನೆಯಿಂದ ಗುಡಿಯ ತನಕ ದೀಡ ನಮಸ್ಕಾರ ಹಾಕುತ್ತೇನೆ ಎಂದು ಅಲ್ಲೇ ಹರಕೆ ಹೊತ್ತಳು. ಸೊಂಟ ನೋವಿಗೆ ಕೊಡ ಎತ್ತಲಾರದವಳು, ಅಷ್ಟು ದೂರ ಅಡ್ಡಬಿದ್ದು ಎದ್ದು, ಅಡ್ಡಬಿದ್ದು ಎದ್ದು ಹೋಗುತ್ತಾಳಂತೆ, ಇವನ ಮೊಟ್ಟೆಗಾಗಿ.

"ಯವ್ವಾ, ಬ್ಯಾಡ. ನಾ ಎಗ್ ರೈಸ್ ತಿಂದೇನಿ. ಮೂರನೇ ದಿನಾನ. ನಾಕ್ ದಿನ ಹೊಟ್ಟಿ ಹೋಗಿತ್ತು. ಅದಕ್ಕ ಬೀರಪ್ಪ ಕಾಲ ಹಿಡದಾನ."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಹೊಟ್ಟೆಗೆ ಹೊಕ್ಕ ರೋಗಾಣು ಹೋದರೂ ಅದರ ಜೊತೆ ಗುದ್ದಾಡಲು ಎದ್ದ ಮೈಯ ಶಕ್ತಿ ಸುಮ್ಮನಾಗದೆ ಕೆಲವರ ಕೀಲು, ಕಣ್ಣಿನ ಮೇಲೆ ಬೀಳುತ್ತದೆ, ಹರೆಯದವರಲ್ಲೇ ಜಾಸ್ತಿ ಎಂದು ಬಿಡಿಸಿ ಹೇಳಿದರು. ಬಾವು ಇಳಿಸಲು ಮಾತ್ರೆ ಕೊಡುತ್ತೇನೆ, ಕಣ್ಣಿನ ಡಾಕ್ಟರಿಗೆ ಇವತ್ತೇ ತೋರಿಸಿ, ಬೆಳಗಾವಿಯದು ಒಂದು ವಾರ ನೋಡಿ ನಿರ್ಧರಿಸೋಣ, ಬಹಳಷ್ಟು ಮಂದಿಗೆ ಕೆಲವು ತಿಂಗಳಲ್ಲಿ ಕಡಿಮೆಯಾಗುತ್ತದೆ ಎಂದರು. "ಕುಣಿಯೂದು, ಗುಡಿ ಸುತ್ತೂದು ಎಲ್ಲಾ ಬಂದ್. ಏನು ಓದ್ತಿ?"

"ಬಿ.ಎಸ್ಸಿ. ಮೈಕ್ರೋಬಯಾಲಜಿ ರಿ."

ಡಾಕ್ಟರು ದೊಡ್ಡ ಮನಸ್ಸಿನವರು, ನಗಲಿಲ್ಲ.

ಹೊರಗೆ ಗಿರಮಲ್ಲಪ್ಪ ಬೆಂಚಿನ ಮೇಲೆ ಕೂತ. ಹಾಲೇಶ ತಪ್ಪಾಯಿತು ಎಂದ, ಪಾಪ ಪರಿಹಾರಕ್ಕೆ ಇನ್ನೊಂದು ನೇಮ ಹಿಡಿಯುತ್ತೇನೆ ಎಂದ.

"ಬೀರಪ್ಪಗ ಬ್ಯಾರೆ ಕೆಲಸ ಇಲ್ಲೇನಲೇ, ನಿನ್ನ ಮೊಣಕಾಲ ಹಿಡಕೊಂಡ ಕುಂದ್ರಾಕ?" ಎಂದ ಮಾವ. "ಅಂವ ಏನೂ ಮಾಡಿಲ್ಲ. ನೀ ನನ್ನ ಕಡಿಂದ ಸುಳ್ಳ ಹೇಳಿಸಿದಿ, ಡಾಕ್ಟರ್ ಅಕ್ಕಾರ ಮುಂದ. ಡೊಳ್ಳು ಭೀಮಶಿ ಹೊರ್ತಾನ, ಅಂವನೂ ಮೊದಲಿಂದ ನೇಮದಾಗ ಅದಾನ."

ಮುಂದಿನ ವರ್ಷವಾದರೂ ಡೊಳ್ಳು ಸಿಕ್ಕೀತೇ ಎಂದು ಹಾಲೇಶ ಕೇಳಲು ಹೋದ. ಮೊದಲು ಮಾತ್ರೆ ನುಂಗು ಎಂದು ಮಾವ ನೀರಿನ ಬಾಟಲಿಯ ಮುಚ್ಚಳ ತೆಗೆದು ಕೈಗೆ ಕೊಟ್ಟ.