ಮಧ್ಯಾಹ್ನದ ಮೂರು ಸುತ್ತು

ಊರಿಗೆ ನೀರೆತ್ತುವ ಪಂಪ್ ಹೌಸಿನ ಹಿರಿಯ ಫಿಟ್ಟರನ್ನು ಹೆಂಡತಿಯೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಪಂಪಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ನಿಂತನೆಂದರೆ ಯಂತ್ರದ ಹೊಟ್ಟೆಯೊಳಗಿನ ಗುಟ್ಟೆಲ್ಲ ರಟ್ಟಾಗುತ್ತಿತ್ತು. ಯಾವ ಬೇರಿಂಗಿಗೆ ಗ್ರೀಸ್ ಸಾಲದು, ಯಾವ ಬೋಲ್ಟು ಸಡಿಲ, ಎಲ್ಲ ಹೇಳುತ್ತಿದ್ದ. ಮೂರು ಬೀದಿ ಆಚೆ ಸೊಳ್ಳೆಯೊಂದು ಸೀನಿದರೆ ಅದಕ್ಕೆ ನೆಗಡಿಯೋ ಧೂಳು ಹೊಕ್ಕಿತೋ ಎಂದು ತೀರ್ಪು ಕೊಡಬಲ್ಲ ಕಿವಿ ಅದು. ಅಡುಗೆಮನೆಯಿಂದ ಹೆಂಡತಿ ಕರೆದದ್ದು ಮಾತ್ರ ಅದಕ್ಕೆ ಕೇಳಿಸುತ್ತಿರಲಿಲ್ಲ.

ಆ ಪಂಪ್ ಹೌಸಿನಲ್ಲಿ ಅವನದೇ ಹೆಸರಿನ ಪದ್ಧತಿಯೊಂದಿತ್ತು: ಮೇಸ್ತ್ರಿಯ ಮೂರು ಸುತ್ತು. ಮಧ್ಯಾಹ್ನ ಊರಿನ ನಲ್ಲಿಗಳೆಲ್ಲ ಮುಚ್ಚಿರುತ್ತವೆ. ಪಂಪು ಪೂರ್ತಿ ಜೋರಿನಲ್ಲಿದ್ದರೆ ತಗ್ಗಿನ ಬೀದಿಗಳ ಹಳೇ ಪೈಪುಗಳು ಒತ್ತಡ ತಾಳದೆ ಒಡೆಯುತ್ತವೆ. ಅದಕ್ಕೇ ಹನ್ನೆರಡೂವರೆಯಿಂದ ನಾಲ್ಕರವರೆಗೆ ನೀರನ್ನು ಹಿಡಿದು ಬಿಡಬೇಕು. ಪಂಪಿನಿಂದ ಹೊರಗೆ ಹೋಗುವ ಪೈಪಿಗೆ ಒಂದು ವಾಲ್ವ್ ಉಂಟು, ಅದನ್ನು ಮುಚ್ಚಬೇಕಾದದ್ದು ನ್ಯಾಯ. ಆದರೆ ಅದರ ಚಕ್ರ ಎರಡಾಳೆತ್ತರದಲ್ಲಿದೆ, ಏಣಿ ಬೇಕು. ತುಕ್ಕು ಹಿಡಿದು ಕೂತಿರುವ ಅದನ್ನು ತಿರುಗಿಸಲು ಹತ್ತಿದವನು ತನ್ನ ವಂಶವನ್ನೂ ಚಕ್ರದ ವಂಶವನ್ನೂ ಸೇರಿಸಿ ಶಪಿಸದೆ ಕೆಳಗಿಳಿದದ್ದಿಲ್ಲ. ಪಂಪಿನ ಒಳಕ್ಕೆ ನೀರು ಬರುವ ಪೈಪಿನ ವಾಲ್ವೋ, ಸೊಂಟದ ಎತ್ತರದಲ್ಲಿ, ಬೆಣ್ಣೆಯಂತೆ ತಿರುಗುತ್ತದೆ. ಇಪ್ಪತ್ತೆರಡು ವರ್ಷದ ಹಿಂದೆ ಮೇಸ್ತ್ರಿ ಇದನ್ನು ಮೂರು ಸುತ್ತು ಮುಚ್ಚಿ, ಕೆಲಸ ಆಗುವುದನ್ನು ತೋರಿಸಿದ. ಅವತ್ತಿನಿಂದ ಏಣಿ ಗೋಡೆಗೊರಗಿ ಜೇಡರ ಹುಳಗಳಿಗೆ ಬಾಡಿಗೆ ಮನೆಯಾಯಿತು. ಸರದಿಯ ಆಪರೇಟರುಗಳು ಮೂರು ಸುತ್ತು ತಿರುಗಿಸಿ, ದಿನಚರಿ ಪುಸ್ತಕದಲ್ಲಿ ‘ಮಧ್ಯಾಹ್ನ ಮೂರು ಸುತ್ತು’ ಎಂದು ಬರೆಯುತ್ತಿದ್ದರು. ಯಾವ ವಾಲ್ವ್ ಎಂದು ಬರೆಯುವ ಅಗತ್ಯ ಯಾರಿಗೂ ಕಂಡಿರಲಿಲ್ಲ. ಸೂರ್ಯ ಯಾವ ಕಡೆ ಹುಟ್ಟಿದ ಎಂದು ಯಾರಾದರೂ ದಿನಾ ಬರೆಯುತ್ತಾರೆಯೇ?

ಹಳೇ ಪಂಪು ಇರುವವರೆಗೂ ಇದರಿಂದ ಏನೂ ಕೆಡಲಿಲ್ಲ. ಅದು ಬಸುರಿ ಎಮ್ಮೆಯ ಹಾಗೆ ಮೆಲ್ಲಗೆ ಕುಡಿಯುವ ಯಂತ್ರ. ಆಮೇಲೆ ಬಂದದ್ದು ವೇಗದ ಪಂಪು. ಅದರ ಹೊಟ್ಟೆಯೊಳಗೆ ತಿರುಗಿ ನೀರನ್ನು ಎಳೆದು ತಳ್ಳುವ ರೆಕ್ಕೆಗಳ ಚಕ್ರಕ್ಕೆ ಇಂಪೆಲ್ಲರ್ ಎನ್ನುತ್ತಾರೆ. ಕಂಪನಿಯಿಂದ ಬಂದಿದ್ದ ಇಂಪೆಲ್ಲರ್ ಎರಡು ವರ್ಷ ನಡೆದು ಸಹಜವಾಗಿ ಸವೆಯಿತು. ಅದನ್ನು ತೆಗೆದ ತಿಂಗಳಲ್ಲೇ ನೀರಿನ ತೊಟ್ಟಿಯನ್ನು ಆಳ ಮಾಡಿದರು. ನೀರಿನ ಮಟ್ಟ ಪಂಪಿಗಿಂತ ಕೆಳಕ್ಕೆ ಹೋಯಿತು. ಆ ಕಡೆ ಯಾರೂ ಗಮನ ಕೊಡಲಿಲ್ಲ. ಎಲ್ಲರ ಗಮನ ಹೊಸ ಇಂಪೆಲ್ಲರಿನ ಮೇಲಿತ್ತು, ಯಾಕೆಂದರೆ ಅದನ್ನು ಕಂಚಿನಲ್ಲಿ ಎರಕ ಹೊಯ್ದುಕೊಟ್ಟವನು ಊರಿನವನೇ: ಮೇಸ್ತ್ರಿಯ ಹೆಂಡತಿಯ ತಮ್ಮ.

ಆ ಎರಕದವನು ಮಿತಭಾಷಿ. ವರ್ಷಕ್ಕೆ ಹದಿನಾಲ್ಕು ಮಾತಾಡುವವನು, ಅದರಲ್ಲಿ ಹತ್ತು ಕುಲುಮೆಯ ಜೊತೆಗೆ. ಅದೇ ಕುಲುಮೆ ನಡೆಸುತ್ತಿದ್ದ ಅಪ್ಪ ಸತ್ತಾಗ ಅವನಿಗೆ ಹತ್ತು ವರ್ಷ. ಅಕ್ಕನೇ ಸಾಕಿ ಸಲಹಿ ದೊಡ್ಡವನನ್ನಾಗಿ ಮಾಡಿದ್ದಳು. ಅವನು ಹೊಯ್ದ ಮೊದಲ ಇಂಪೆಲ್ಲರ್ ಐದು ತಿಂಗಳಿಗೇ ಹೋಯಿತು. ಎರಡನೆಯದೂ ಅಷ್ಟೇ. ಬಿಚ್ಚಿ ನೋಡಿದರೆ ರೆಕ್ಕೆಗಳ ಮೇಲೆಲ್ಲ ಗುಳಿ ಬಿದ್ದು, ಗೆದ್ದಲು ತಿಂದ ಬಾಗಿಲಿನಂತೆ, ಬೆರಳಿಟ್ಟರೆ ಸ್ಪಂಜಿನಂತಿತ್ತು.

ಮೇಸ್ತ್ರಿ ಊಟ ಮುಗಿಸಿ ಎರಡು ಗಂಟೆಗೆ ಬಂದು ಸ್ಕ್ರೂಡ್ರೈವರ್ ಹಿಡಿದು ಕೇಳಿದ. ಒಳಗೆ ಯಾರೋ ಜಲ್ಲಿಕಲ್ಲನ್ನು ಡಬ್ಬಿಗೆ ತುಂಬಿ ಅಲ್ಲಾಡಿಸಿದ ಹಾಗೆ ಸದ್ದು. ಮರಳು ಎಂದು ಘೋಷಿಸಿಬಿಟ್ಟ. ತೊಟ್ಟಿಗೆ ಜಾಲರಿ ಹಾಕಿದರು, ಬಟ್ಟೆ ಕಟ್ಟಿದರು. ಒಂದು ತಿಂಗಳು ಹಿಡಿದರೂ ಒಂದು ಹಿಡಿ ಮರಳು ಸಿಗಲಿಲ್ಲ.

ಬೆಳಿಗ್ಗೆ ಹತ್ತಕ್ಕೆ ಬಂದು ಹನ್ನೊಂದಕ್ಕೆ ಮುಖ್ಯ ಕಚೇರಿಗೆ ಮರಳುವ ಇಂಜಿನಿಯರ್ ಒಬ್ಬರಿದ್ದರು, ಮೇಸ್ತ್ರಿಯ ಮಗಳ ವಯಸ್ಸಿನವರು. ಗುಳಿಗಳನ್ನು ನೋಡಿ ಅವರು, ಇದು ಮರಳಿನ ಗೀರಲ್ಲ, ಗುಳ್ಳೆಗಳ ಕೆಲಸ ಅಂದರು. ಪಂಪಿನ ಬಾಯಿಗೆ ಸಾಕಷ್ಟು ನೀರು ಸಿಗದಿದ್ದರೆ ಅಲ್ಲಿ ಒತ್ತಡ ಕುಸಿಯುತ್ತದೆ, ಆಗ ನೀರು ತಣ್ಣಗಿದ್ದಲ್ಲೇ ಕುದಿದು ಗುಳ್ಳೆಯೇಳುತ್ತದೆ, ಆ ಗುಳ್ಳೆಗಳು ರೆಕ್ಕೆಯ ಮೇಲೆ ಒತ್ತಡ ಹೆಚ್ಚಿರುವ ಕಡೆಗೆ ಬಂದೊಡನೆ ಕುಸಿದು ಸುತ್ತಲಿನ ನೀರು ಸೂಜಿಯಂತೆ ಲೋಹಕ್ಕೆ ಚುಚ್ಚುತ್ತದೆ ಎಂದರು. ಮೇಸ್ತ್ರಿ ಎಲ್ಲರೆದುರಿಗೇ ನಕ್ಕುಬಿಟ್ಟ.

“ತಣ್ಣೀರು ಕುದಿಯುತ್ತಾ ಮೇಡಂ? ಹಾಗಾದ್ರೆ ನಾಳೆಯಿಂದ ಟೀಗೆ ಒಲೆ ಹಚ್ಚೋದೇ ಬೇಡ. ಪಂಪಿಗೇ ಒಂದು ಲೋಟ ಹಿಡಿದುಬಿಡೋಣ.”

ಆಪರೇಟರುಗಳು ಹೊಟ್ಟೆ ಹಿಡಿದು ನಕ್ಕರು. ಇಂಜಿನಿಯರ್ ಕೂಡ ಸ್ವಲ್ಪ ನಕ್ಕು, ಒಳಬರುವ ಪೈಪಿಗೆ ಒತ್ತಡ ಅಳೆಯುವ ಗೇಜ್ ಕೂರಿಸಿ ನೋಡಿದರು. ಬೆಳಗಿನ ಹೊತ್ತು ಮುಳ್ಳು ಸರಿಯಾದ ಜಾಗದಲ್ಲೇ ಇತ್ತು. ಪಂಪಿಗೆ ದಿನವೆಲ್ಲ ಹೀಗೇ ನೀರು ಬರುತ್ತದೆಯೇ ಎಂದು ಕೇಳಿದಾಗ ಮೇಸ್ತ್ರಿ, ಬಾಯಿತುಂಬ ಬರುತ್ತದೆ ಎಂದ. ದಿನಚರಿ ಪುಸ್ತಕದ ಮೂರು ಸುತ್ತನ್ನು ಅವರು ನೋಡಿದ್ದರು, ಅದು ಹೊರಗಿನ ವಾಲ್ವ್ ಎಂದುಕೊಂಡಿದ್ದರು. ಓದಿದವರು ಯಾರೇ ಆದರೂ ಹಾಗೇ ಅಂದುಕೊಳ್ಳುತ್ತಿದ್ದರು.

ಮೂರನೆಯ ಇಂಪೆಲ್ಲರೂ ಹೋಯಿತು. ಮರಳಿಲ್ಲ, ಗುಳ್ಳೆಯಿಲ್ಲ, ಉಳಿದದ್ದು ಎರಕ. ಎರಕ ಗಟ್ಟಿಯಿಲ್ಲ, ಒಳಗೆ ಗಾಳಿ ಸಿಕ್ಕಿ ತೂತುಗಳಿರಬೇಕು ಎಂದು ಕಚೇರಿಯವರು ವರದಿ ಬರೆದರು. ಹಿರಿಯ ಫಿಟ್ಟರನ ಸಹಿ ಬೇಕೆಂದರು. ಅವನು ಹಾಕಿದ. ನೆಂಟಸ್ತಿಕೆಗೆ ಮಣಿದ ಅನ್ನಿಸಿಕೊಳ್ಳಬಾರದೆಂದು ಸ್ವಲ್ಪ ದಪ್ಪಗೇ ಹಾಕಿದ. ವಾರದಲ್ಲಿ ಭಾವಮೈದುನನಿಗೆ ಇನ್ನು ಮುಂದೆ ಯಾವ ಕೆಲಸವನ್ನೂ ಕೊಡಲಾಗುವುದಿಲ್ಲವೆಂಬ ಪತ್ರ ಹೋಯಿತು, ಆ ಪತ್ರದಲ್ಲಿ ಹಿರಿಯ ಫಿಟ್ಟರನ ಅಭಿಪ್ರಾಯದಂತೆ ಎಂಬ ಮಾತೂ ಇತ್ತು. ಪಂಪಿಗೆ ಕಂಪನಿಯಿಂದಲೇ ಹೊಸ ಇಂಪೆಲ್ಲರ್ ತರಿಸಿ ಹಾಕಿದರು.

ಹೆಂಡತಿ ಮಾತು ಬಿಟ್ಟಳು. ಹೇಳಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದಳು. ಊಟ ಇಟ್ಟಿದೆ ಎಂದು ಗೋಡೆಗೆ. ಹಾಲಿನವನು ಬಂದಿದ್ದ ಎಂದು ಗೋಡೆಗೆ. ಅಷ್ಟು ದಿನ ಕೇಳಿಸಿಕೊಂಡ ಗೋಡೆಗೆ ಇನ್ನೇನು ಬಾಯಿ ಬಂದು, ‘ಅಮ್ಮಾ, ಅವನಿಗೇ ಹೇಳಬಾರದೇ’ ಅನ್ನುವಂತಾಗಿತ್ತು. ಒಂದು ಮಂಗಳವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಹೋಗುವ ಧೈರ್ಯ ಮೇಸ್ತ್ರಿಗೆ ಆಗಲಿಲ್ಲ. ಬೇಕರಿಯಿಂದ ಎರಡು ಬನ್ನು ತರಿಸಿಕೊಂಡು ಪಂಪಿನ ಪಕ್ಕದಲ್ಲೇ ಕೂತ. ಇಪ್ಪತ್ತೆರಡು ವರ್ಷದಲ್ಲಿ ಹನ್ನೆರಡೂವರೆಗೆ ಅವನು ಅಲ್ಲಿದ್ದದ್ದು ಅಪರೂಪ. ಹೊಸ ಪಂಪು ಬಂದ ಮೇಲಂತೂ ಅದೇ ಮೊದಲು.

ಆಪರೇಟರ್ ಬಂದು ವಾಲ್ವಿನ ಚಕ್ರ ಹಿಡಿದ. ಒಂದು ಸುತ್ತು, ಪಂಪು ಮೊದಲಿನಂತೆಯೇ ಗುಂಯ್‌ಗುಟ್ಟುತ್ತಿತ್ತು. ಎರಡನೆಯ ಸುತ್ತಿಗೆ ಒಳಗೆ ಯಾರೋ ಕಾಗದ ಮುದುರಿದ ಹಾಗಾಯಿತು. ಮೂರನೆಯದಕ್ಕೆ ಜಲ್ಲಿ ಸುರಿಯಿತು. ಮೇಸ್ತ್ರಿಯ ಬಾಯಲ್ಲಿದ್ದ ಬನ್ನು ಅಲ್ಲೇ ನಿಂತಿತು. ಎದ್ದು ಹೋಗಿ ಚಕ್ರವನ್ನು ತಾನೇ ಹಿಂದಕ್ಕೆ ತಿರುಗಿಸಿದ. ಜಲ್ಲಿ ನಿಂತಿತು. ಮತ್ತೆ ಮುಚ್ಚಿದ. ಮತ್ತೆ ಬಂತು. ಗೇಜಿನ ಮುಳ್ಳು ಅವನ ಕೈ ಹೇಳಿದಂತೆ ಕೆಳಗೆ ಬಿದ್ದು ಮೇಲೆದ್ದು ಮಾಡುತ್ತಿತ್ತು. ಐದಾರು ಸಲ ಮಾಡಿದ. ಆಪರೇಟರ್ ಏನಾಯಿತೆಂದು ಕೇಳಿದ್ದಕ್ಕೆ ಏನಿಲ್ಲ, ವಾಲ್ವು ಬಿಗಿಯಾಗಿದೆಯಾ ನೋಡ್ತಿದ್ದೆ ಎಂದ.

ಪಂಪಿನ ಗಂಟಲು ಹಿಸುಕಿ, ಮೂರು ಇಂಪೆಲ್ಲರುಗಳನ್ನು ತಿಂದದ್ದು ಅವನದೇ ಪದ್ಧತಿ. ಇದು ಗೊತ್ತಾದ ಕ್ಷಣದಲ್ಲೇ ಅವನು ಫೋನು ಎತ್ತಬೇಕಿತ್ತು. ಎತ್ತಲಿಲ್ಲ. ತಣ್ಣೀರಿನ ಟೀ ಮಾತು ಅವನ ಗಂಟಲಲ್ಲೇ ಕೂತಿತ್ತು. ಬದಲಿಗೆ ಏಣಿಯ ಜೇಡರ ಬಲೆ ಒರೆಸಿ, ತಾನೇ ಹತ್ತಿ, ಮೇಲಿನ ಚಕ್ರಕ್ಕೆ ಎಣ್ಣೆ ಹಾಕಿ, ಇನ್ನು ಮೇಲೆ ಇದನ್ನೇ ತಿರುಗಿಸಿ, ನಿಮಗೆಲ್ಲ ಹೊಟ್ಟೆ ಬಂದಿದೆ, ವ್ಯಾಯಾಮ ಆಗಲಿ ಎಂದ. ಎಲ್ಲರೂ ನಕ್ಕರು. ಪಂಪು ಸದ್ದಿಲ್ಲದೆ ಓಡತೊಡಗಿತು. ಯಂತ್ರ ಸರಿಹೋಯಿತಲ್ಲ, ಇನ್ನು ಮೆಲ್ಲಗೆ ಯಾವತ್ತಾದರೂ ಭಾವಮೈದುನನಿಗೂ ಒಂದು ದಾರಿ ಮಾಡಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡ. ಬುಧವಾರ ಹೇಳಿಕೊಂಡ, ಗುರುವಾರ ಹೇಳಿಕೊಂಡ. ಎಂಟನೆಯ ದಿನಕ್ಕೆ ಅವನ ಪಾಲಿಗೆ ಅನ್ನ ಮರದ ಪುಡಿಯಾಗಿತ್ತು.

ಅವತ್ತು ಬೆಳಿಗ್ಗೆ ಹೆಂಡತಿ ಗೋಡೆಗೆ ಹೇಳಿದಳು: “ತಮ್ಮ ಕುಲುಮೆ ಹಚ್ಚಿ ಹತ್ತು ದಿನ ಆಯ್ತಂತೆ. ಕೆಲಸ ಕೊಡೋರು ಬಂದ್ರೂ ನನ್ನ ಕೈ ಸರಿಯಿಲ್ಲ ಅಂತ ವಾಪಸ್ ಕಳಿಸ್ತಿದಾನಂತೆ.”

ಮೇಸ್ತ್ರಿ ಚಪ್ಪಲಿ ಮೆಟ್ಟಿ ನೇರ ಮುಖ್ಯ ಕಚೇರಿಗೆ ಹೋದ. ಇಂಜಿನಿಯರಿಗೆ ನಿಂತುಕೊಂಡೇ ಎಲ್ಲ ಹೇಳಿದ. ಅವರು ನಗಲಿಲ್ಲ, ಬೈಯಲೂ ಇಲ್ಲ. ಬರೆದುಕೊಡಿ ಎಂದು ಒಂದು ಹಾಳೆ ಕೊಟ್ಟರು. ಬರೆದುಕೊಟ್ಟ. ಪತ್ರ ಹಿಂತೆಗೆದುಕೊಳ್ಳಲು ತಾವೇ ಶಿಫಾರಸು ಮಾಡುವುದಾಗಿ ಅವರು ಹೇಳಿದರು. ಮೇಸ್ತ್ರಿಯ ಮೇಲೆ ಏನು ಕ್ರಮವಾಗುತ್ತದೋ ಅದು ತಮ್ಮ ಕೈಯಲ್ಲಿಲ್ಲ ಎಂದೂ ಹೇಳಿದರು. ಅದನ್ನು ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ.

ಎರಕದ ಶೆಡ್ಡಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಕಂಚಿನ ತುಂಡುಗಳು ಮೊಣಕಾಲೆತ್ತರ ರಾಶಿ ಬಿದ್ದಿದ್ದವು: ಗೇರುಗಳು, ಬುಷ್‌ಗಳು, ಬೇರೆಯವರಿಗೆಂದು ಹೊಯ್ದಿಟ್ಟಿದ್ದ ವಾಲ್ವಿನ ಮೈಗಳು, ಎಲ್ಲ ನಡುವೆ ಕತ್ತರಿಸಿದ್ದು ಇಲ್ಲವೇ ಸುತ್ತಿಗೆಯಿಂದ ಒಡೆದದ್ದು. ಭಾವಮೈದುನ ಕಿಟಕಿಯ ಬೆಳಕಿಗೆ ಒಂದು ತುಂಡಿನ ಒಡೆದ ಮುಖ ಹಿಡಿದು, ಕನ್ನಡಕ ಮೇಲೆ ಕೆಳಗೆ ಮಾಡಿ ನೋಡುತ್ತಿದ್ದ.

“ಒಂದರಲ್ಲೂ ತೂತಿಲ್ಲ ಭಾವ,” ಎಂದ, ತಲೆಯೆತ್ತದೆ. “ನನ್ನ ಕಣ್ಣಿಗೇ ಕಾಣಿಸ್ತಿಲ್ವೇನೋ ಅಂತ ಇನ್ನೊಂದು ಒಡೀತೀನಿ. ಅದರಲ್ಲೂ ಇರಲ್ಲ.”

“ಇರಲ್ಲ ಕಣಪ್ಪ,” ಎಂದ ಮೇಸ್ತ್ರಿ. “ನಿನ್ನ ಎರಕದಲ್ಲಿ ಏನೂ ಇರಲಿಲ್ಲ. ತಪ್ಪು ನಂದು.”

ವಾಲ್ವು, ಮೂರು ಸುತ್ತು, ಗುಳ್ಳೆ, ಎಲ್ಲವನ್ನೂ ಹೇಳಿದ. ಪತ್ರ ವಾಪಸಾಗುತ್ತದೆ ಎಂದೂ ಹೇಳಿದ. ಭಾವಮೈದುನ ಕೈಯಲ್ಲಿದ್ದ ತುಂಡನ್ನು ಮೆಲ್ಲಗೆ ಕೆಳಗಿಟ್ಟ. ಅವನ ಹೆಗಲು ಒಂದು ಗೇಣು ಇಳಿದಂತೆ ಕಂಡಿತು. ಆಮೇಲೆ ಕೇಳಿದ:

“ಯಾವತ್ತು ಗೊತ್ತಾಯ್ತು ನಿಮಗೆ?”

ಈಗ, ಇವತ್ತು ಬೆಳಿಗ್ಗೆ ಎಂದುಬಿಡಬಹುದಿತ್ತು. ಯಾರೂ ಸಾಕ್ಷಿಯಿರಲಿಲ್ಲ. ಜೀವಮಾನದಲ್ಲಿ ಸಾವಿರ ಬುರುಡೆ ಬಿಟ್ಟವನಿಗೆ ಇದೊಂದು ಭಾರವೇ?

“ಹೋದ ಮಂಗಳವಾರ,” ಎಂದ.

ಭಾವಮೈದುನ ಮೂಲೆಗೆ ಹೋಗಿ ಒಂದು ಗೋಣಿಚೀಲ ಎಳೆದು ತಂದ. ಅದರ ತುಂಬ ಮರದ ಚೂರುಗಳು. ಇಂಪೆಲ್ಲರಿನ ಅಚ್ಚು ತೆಗೆಯುವ ಮರದ ಮಾದರಿಗಳು ಅವು, ಹಳೆಯವನ್ನೇ ಹೊಸ ಪಂಪಿನ ಅಳತೆಗೆ ತಿದ್ದಿಕೊಂಡದ್ದು. ಬಾಗಿದ ರೆಕ್ಕೆಯ ತುದಿಗಳು ಇನ್ನೂ ನಯವಾಗಿ ಹೊಳೆಯುತ್ತಿದ್ದವು.

“ಎರಕ ಸರಿಯಿದ್ರೆ ಮಾದರಿಯಲ್ಲೇ ಐಬಿರಬೇಕು ಅಂದ್ಕೊಂಡೆ. ಇವನ್ನ ಒಡೆದದ್ದು ಗುರುವಾರ,” ಎಂದ. “ಅಪ್ಪ ಕೆತ್ತಿದ್ದು.”

ಮೇಸ್ತ್ರಿ ಚೀಲದೊಳಗೆ ಕೈ ಹಾಕಿದ, ಎರಡು ಚೂರುಗಳನ್ನು ಜೋಡಿಸಿ ನೋಡಿದ, ಕೂಡಲಿಲ್ಲ. ಮತ್ತೆರಡು ತೆಗೆದ. ಭಾವಮೈದುನ ಅವನ ಕೈಯಿಂದ ಅವನ್ನು ಬಿಡಿಸಿಕೊಂಡು ಚೀಲಕ್ಕೇ ಹಾಕಿ ಬಾಯಿ ಕಟ್ಟಿದ.

“ಅಕ್ಕನಿಗೆ ಇದು ಗೊತ್ತಿಲ್ಲ. ನಾನು ಹೇಳಲ್ಲ ಭಾವ. ನೀವೇ ಹೇಳಿ.”

ಮನೆಗೆ ಹತ್ತು ನಿಮಿಷದ ದಾರಿ. ಅದನ್ನು ಅವನು ಒಂದೂವರೆ ಗಂಟೆ ನಡೆದ. ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಅವನು ಹೊಸ್ತಿಲಲ್ಲೇ ನಿಂತು, ಯಾವ ತಮಾಷೆಯನ್ನೂ ಸೇರಿಸದೆ, ಮಂಗಳವಾರವನ್ನೂ ಗುರುವಾರವನ್ನೂ ಬಿಡದೆ ಹೇಳಿದ. ಅವಳು ಕೈಯಲ್ಲಿದ್ದ ಅಂಗಿಯನ್ನು ಪೂರ್ತಿ ಮಡಚಿ ಮುಗಿಸಿದಳು. ಗೋಡೆಯ ಕಡೆ ತಿರುಗಲಿಲ್ಲ. ಇಷ್ಟು ದಿನದ ಮೇಲೆ ಮೊದಲ ಸಲ ಅವನ ಮುಖವನ್ನೇ ನೋಡಿದಳು.

“ಬುಧವಾರ ಹೇಳಿದ್ರೂ ಸಾಕಿತ್ತಲ್ರೀ,” ಎಂದಳು.

ಚಪ್ಪಲಿ ಮೆಟ್ಟಿ ತಮ್ಮನ ಶೆಡ್ಡಿನ ಕಡೆಗೆ ಹೊರಟಳು. ಅವನೂ ಹಿಂದೆ ಎರಡು ಹೆಜ್ಜೆ ಹಾಕಿದ. ಅವಳು ಬಾ ಎನ್ನಲೂ ಇಲ್ಲ, ಬೇಡವೆನ್ನಲೂ ಇಲ್ಲ. ಬೀದಿಯ ತಿರುವಿನವರೆಗೆ ಹಾಗೇ ಹೋದ; ಅಲ್ಲಿಂದ ಮುಂದೆ ಕಾಲು ಏಳದೆ ನಿಂತುಬಿಟ್ಟ.