ತಿದಿ ಎಳೆಯುವ ಕೈ

ಹೊಣಕೆರೆಯ ಚೆಲುವಮ್ಮನಿಗೆ ಬರದ ವಿದ್ಯೆ ಒಂದೇ, ಕೈ ಕಟ್ಟಿಕೊಂಡು ಸುಮ್ಮನೆ ಕೂರುವುದು. ಮದುವೆಯಾಗಿ ಬಂದ ಹೊಸದರಲ್ಲೇ ಅತ್ತೆ ಅವಳ ಕೈಗೆ ತಿದಿಯ ಹಗ್ಗ ಕೊಟ್ಟಿದ್ದಳು. ಗಂಡ ಕಾಳಪ್ಪ ಕುಲುಮೆಯಲ್ಲಿ ಮಚ್ಚು, ಕುಡುಗೋಲು ಕಾಯಿಸಿ ಬಡಿಯುತ್ತಿದ್ದರೆ ಇವಳು ಪಕ್ಕದಲ್ಲಿ ಕೂತು ಹಗ್ಗ ಎಳೆದು ಬೆಂಕಿಗೆ ಗಾಳಿ ಊದಬೇಕು. ಮಗಳು ಹರ್ಷಿತ ಹುಟ್ಟಿದಾಗ ಬಾಣಂತನಕ್ಕೆ ತವರಿಗೆ ಹೋಗಿದ್ದು ಬಿಟ್ಟರೆ ಆ ಕೈ ನಿಂತದ್ದೇ ಇಲ್ಲ. ಮಗಳು ಬೆಳೆದು ಪಾಂಡವಪುರಕ್ಕೆ ಮದುವೆಯಾಗಿ ಹೋದಳು, ಕೈ ಮಾತ್ರ ಎಳೆಯುತ್ತಲೇ ಇತ್ತು.

ಹೋದ ವರ್ಷ ಕಾಳಪ್ಪ ಕೆ.ಆರ್. ಪೇಟೆಗೆ ಹೋದವನು ಕರೆಂಟಿನ ಬ್ಲೋವರ್ ತಂದ. ಸ್ವಿಚ್ಚು ಒತ್ತಿದರೆ ಭರ್ರೆಂದು ಗಾಳಿ.

"ಇನ್ಮೇಲೆ ರೆಸ್ಟ್ ತಕ ಕಣಮ್ಮಿ. ರಟ್ಟೆ ನೋಯಿಸ್ಕಂಡಿದ್ದು ಸಾಕು" ಎಂದ.

ಒಳ್ಳೆಯ ಮನಸ್ಸಿನಿಂದಲೇ ತಂದಿದ್ದ, ಪಾಪ. ಆದರೆ ಹೆಂಡತಿಯ ಕೈಯಿಂದ ಕೆಲಸ ಕಿತ್ತುಕೊಂಡರೆ ಸುಖ ಕೊಟ್ಟಂತೆ ಎಂದು ತಿಳಿದ ಗಂಡಸಿಗೆ ಬುದ್ಧಿ ಹೇಳುವವರು ಯಾರು? ಚೆಲುವಮ್ಮ ಗುಡಿಸಿದ ಅಂಗಳವನ್ನೇ ಗುಡಿಸಿದಳು, ತೊಳೆದ ಪಾತ್ರೆಯನ್ನೇ ತೊಳೆದಳು. ಬೀದಿಯ ಈ ತುದಿಯಿಂದ ಆ ತುದಿಗೆ ಹೋಗಿ ಯಾಕೆ ಬಂದೆನೆಂದು ಮರೆತು ವಾಪಸ್ಸು ಬಂದಳು. ಬಲಗೈ ನಿದ್ದೆಯಲ್ಲೂ ಇಲ್ಲದ ಹಗ್ಗವನ್ನು ಎಳೆಯುತ್ತಿತ್ತು.

ಊರಿನ ಹಳೇ ಮಿಲ್ಲಿನ ಹಿಂದೆ ಬೆಳಕಿಂಡಿ ಸಂಘದವರ ಒಂದು ಹಾಲ್ ಇದೆ. ಮಧ್ಯಾಹ್ನ ಅಲ್ಲಿ ಹೊಲಿಗೆ, ಸಂಜೆ ಓದು ಬಿಟ್ಟ ದೊಡ್ಡವರಿಗೆ ಪಾಠ. ಕಾಲು ಹೋದ ಕಡೆ ಹೋಗುತ್ತಿದ್ದ ಚೆಲುವಮ್ಮ ಒಂದು ಸಂಜೆ ಅದರ ಬಾಗಿಲಲ್ಲಿ ನಿಂತಳು. ಪಾಠ ಹೇಳುವ ಸ್ನೇಹ ನಾಗಮಂಗಲದ ಹುಡುಗಿ, ಮಾತಿನಲ್ಲೇ ಕಟ್ಟಿಹಾಕುವವಳು. ಚೆಲುವಮ್ಮ ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳೆಂದು ತಿಳಿದ ಕೂಡಲೇ ಕೈಹಿಡಿದು ಒಳಗೆ ಕೂರಿಸಿದಳು.

"ಹತ್ತನೇ ಕ್ಲಾಸು ಪಾಸ್ ಮಾಡ್ಕಳಿ ಚೆಲುವಕ್ಕ. ಬಿಂಡಿಗನವಿಲೇಲಿ ಹೆಂಗಸ್ರಿಗೆ ಕ್ಲಾಸ್ ಸುರು ಮಾಡ್ತಾವ್ರೆ. ಅಲ್ಲಿಗೆ ಟೀಚರ್ ಬೇಕು. ನೀವೇ ಆಗಿ."

ಆ ಮಾತು ಚೆಲುವಮ್ಮನ ಎದೆಯೊಳಗೆ ಇಳಿದುಬಿಟ್ಟಿತು. ಬಟ್ಟೆ ಒಗೆಯುವಾಗ ಯಾರೂ ಇಲ್ಲದ್ದು ನೋಡಿ "ಚೆಲುವಮ್ಮ ಟೀಚರ್" ಎಂದು ತನಗೆ ತಾನೇ ಹೇಳಿಕೊಂಡು ನೋಡಿದಳು. ಅವಳಿಗೆ ಇನ್ನೇನೂ ಬೇಕಿರಲಿಲ್ಲ, ಅದೊಂದು ಬೇಕಿತ್ತು.

ಬೇಕೆಂದರೆ ತಲೆಗೆ ಹತ್ತಬೇಕಲ್ಲ. ಬೆಂಚಿನ ಮೇಲೆ ಕೂತು ಓದಿದ್ದು ಬಾಗಿಲು ದಾಟುವಷ್ಟರಲ್ಲಿ ಮಾಯ. ಕೊನೆಗೊಂದು ದಿನ ಕರೆಂಟು ಹೋಗಿ ಬ್ಲೋವರ್ ನಿಂತಾಗ ಮೂಲೆಯ ಹಳೇ ತಿದಿಗೆ ಮತ್ತೆ ಕೆಲಸ ಬಂತು. ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡೇ ಎಳೆದಳು. ಒಂದು ಸಲ ಎಳೆದರೆ ಒಂದು ಸಾಲು, ಇನ್ನೊಂದು ಸಲ ಎಳೆದರೆ ಇನ್ನೊಂದು ಸಾಲು. ಬೆಂಕಿ ಕೆಂಪಾಗುವ ಹೊತ್ತಿಗೆ ಒಂದು ಪಾಠ ಪೂರ್ತಿ ಬಾಯಿಗೆ ಬಂದಿತ್ತು. ಅವತ್ತಿನಿಂದ ಕರೆಂಟಿದ್ದರೂ ಕಾಳಪ್ಪ ದಿನಾ ಒಂದಷ್ಟು ಹೊತ್ತು ಬ್ಲೋವರ್ ಆರಿಸುತ್ತಿದ್ದ. ಹೆಂಡತಿ ಓದಲಿ ಎಂದು ಅವನು ಯಾರ ಹತ್ತಿರವೂ ಹೇಳಲಿಲ್ಲ, ಕರೆಂಟು ಉಳೀತದೆ ಎಂದ. ಅವನಿಗೆ ಅಕ್ಷರದ ಗಂಧವೂ ಇರಲಿಲ್ಲ.

ಪರೀಕ್ಷೆ ಬಂತು. ಉಳಿದ ಪೇಪರುಗಳೆಲ್ಲ ಹೇಗೋ ಮುಗಿದು ಕೊನೆಯದು ಸಮಾಜ ವಿಜ್ಞಾನ. ಬೆಳಗಿನ ನಾಗಮಂಗಲದ ಬಸ್ಸು ಹಾರನ್ ಹೊಡೆಯುತ್ತಿರುವಾಗ ಕಾಳಪ್ಪ ಕುಲುಮೆಯಿಂದ ಓಡಿಬಂದು ಒಂದು ಪುಟ್ಟ ಪೊಟ್ಟಣ ಕೈಗಿಟ್ಟ.

"ಕುಲ್ಮೆ ಬೂದಿ ಕಣಮ್ಮಿ. ಕಾಳಮ್ಮನ ಪರ್ಸಾದ. ಜತೇಲಿರ್ಲಿ, ಕೊನೇದಲ್ವಾ."

ದೊಡ್ಡ ಕೆಲಸಕ್ಕೆ ಹೊರಟವರಿಗೆ ಕುಲುಮೆಯ ಬೂದಿ ಕೊಡುವುದು ಅವರ ಮನೆಯ ಪದ್ಧತಿ. ಚೆಲುವಮ್ಮ ಬಸ್ಸಿನ ಮೇಲೆ ಕಣ್ಣಿಟ್ಟೇ ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹತ್ತಿದಳು.

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ತಲೆ ಖಾಲಿ. ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು, ನೀರು ಕುಡಿದಳು. ಆಮೇಲೆ ಎಡಗೈಗೆ ಸೆರಗಿನ ಗಂಟು ಸಿಕ್ಕಿತು. ಡೆಸ್ಕಿನ ಕೆಳಗೆ ಅದನ್ನು ಎಳೆದಳು, ಒಂದು ಸಾಲು ಬಂತು. ಮತ್ತೆ ಎಳೆದಳು, ಮತ್ತೊಂದು. ಇನ್ನು ತಡೆಯುವವರಿಲ್ಲ ಎಂದು ಪುಟದ ಮೇಲೆ ಪುಟ ತುಂಬಿಸಿದಳು.

ತಡೆಯುವವರು ಹಿಂದೆಯೇ ನಿಂತಿದ್ದರು. "ಸೆರಗಲ್ಲಿ ಏನಮ್ಮ?" ಎಂದರು ಮೇಲ್ವಿಚಾರಕರು.

"ಬೂದಿ ಸಾ."

"ಬಿಚ್ಚಿ."

ಬಿಚ್ಚಿದಳು. ಬೂದಿ ಅವಳ ಅಂಗೈಗೆ ಸುರಿಯಿತು. ಪೊಟ್ಟಣದ ಕಾಗದವನ್ನು ಆತ ನೀವಿ ನೋಡಿದರು. ಸಮಾಜ ವಿಜ್ಞಾನದ ಗೈಡಿನ ಹಾಳೆ. ಹಿಂದಿನ ಸಂಜೆ ಅವಳು ಓದುತ್ತ ಕುಲುಮೆಯ ಪಕ್ಕ ಬಿಟ್ಟುಬಂದಿದ್ದ ಗೈಡು ಅದು. ನಮ್ಮೆಜಮಾನ್ರಿಗೆ ಓದಕ್ಕೆ ಬರಲ್ಲ ಸಾ ಎಂದು ಚೆಲುವಮ್ಮ ಎಷ್ಟು ಸಲ ಹೇಳಿದಳೋ. ಆತ ಕೆಟ್ಟವರೇನಲ್ಲ. "ನಾನು ನಂಬ್ತೀನಮ್ಮ. ಆದ್ರೆ ಹಾಳೆ ಸಿಕ್ಕಿದೆಯಲ್ಲ, ಬಿಡೋ ಹಾಗಿಲ್ಲ" ಎಂದು ಉತ್ತರಪತ್ರಿಕೆ ತೆಗೆದುಕೊಂಡು ಹೊರಗೆ ಕಳಿಸಿದರು. ಮತ್ತೆ ಬರೆಯಲು ಬಿಡುತ್ತಾರೋ ಇಲ್ಲವೋ ಬೋರ್ಡಿನವರೇ ಹೇಳಬೇಕು.

ಬಸ್ಸಿನಲ್ಲಿ ಸೀಟಿದ್ದರೂ ಅವಳು ಕೂರಲಿಲ್ಲ. ಹೊಣಕೆರೆಯವರೆಗೂ ಕಂಬಿ ಹಿಡಿದು ನಿಂತೇ ಬಂದಳು. ಅವಮಾನಕ್ಕಿಂತ ಸಿಟ್ಟು ಹೆಚ್ಚಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಅಳು.

"ಬೂದಿ ಕೆಲ್ಸ ಮಾಡ್ತಾ?" ಕಾಳಪ್ಪ ಕುಲುಮೆಯಿಂದಲೇ ಕೇಳಿದ.

ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವನ ಕೈಯ ಸುತ್ತಿಗೆ ಕೆಳಗಿಳಿಯಿತು.

"ನ್ಯೂಸ್ ಪೇಪರೂ ಇತ್ತು ಕಣಮ್ಮಿ, ಅದ್ರಲ್ಲಿ ಬೋಂಡ ಕಟ್ಟಿದ್ರು. ಕಾಳಮ್ಮನ ಬೂದಿ ಕಟ್ಟಕ್ಕೆ ಎಂಜಲು ಪೇಪರ್ ಯಾಕೆ, ನಿನ್ ಪುಸ್ತಕ ಆದ್ರೆ ಸರಸ್ವತಿ ಅಂದ್ಕಂಡೆ. ಕಣ್ಗೆ ಒತ್ಕಂಡೇ ಹರ್ದೆ."

ಬಯ್ಯಲೆಂದೇ ಬಂದಿದ್ದ ಚೆಲುವಮ್ಮ ಅಂಗಳದಲ್ಲಿ ಅತ್ತಿಂದಿತ್ತ, ಇತ್ತಿಂದತ್ತ ತಿರುಗಿದಳು. ಬಯ್ಯುವುದಾದರೂ ಯಾರನ್ನು? ಹೆಂಡತಿ ಓದಲೆಂದು ತಿಂಗಳುಗಟ್ಟಲೆ ಬ್ಲೋವರ್ ಆರಿಸಿದ ಮನುಷ್ಯನಿಗೆ ತಾನು ಒಂದೇ ಒಂದು ಅಕ್ಷರ ತೋರಿಸಿರಲಿಲ್ಲವಲ್ಲ ಎನಿಸಿತು. ಸೀದಾ ಹೋಗಿ ಬ್ಲೋವರಿನ ಸ್ವಿಚ್ಚು ಆರಿಸಿದಳು.

"ಕಬ್ಣ ತಣ್ಣಗಾಯ್ತದೆ" ಎಂದ ಕಾಳಪ್ಪ.

"ಆಗ್ಲಿ. ಬಂದು ಹಗ್ಗ ಹಿಡ್ಕ."

ಅವನು ಬಂದು ಅವಳು ಕೂರುತ್ತಿದ್ದ ಜಾಗದಲ್ಲಿ ಕೂತ. ಅವಳು ಒಂದು ಚೂರು ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ದೊಡ್ಡದಾಗಿ ಒಂದು ಅಕ್ಷರ ಬರೆದಳು.

"ಇದೇನು ಹೇಳು."

"ನಂಗೇನ್ ಗೊತ್ತು."

"ಗೊತ್ತಿಲ್ದೆ ಇದ್ದಿದ್ಕೇ ಇಷ್ಟೆಲ್ಲ ಆಗಿದ್ದು. ಇದು ಅ. ಎಳಿ."

ಕಾಳಪ್ಪ ಹಗ್ಗ ಎಳೆದು "ಅ" ಎಂದ.